ಮೊದಲನೇ ಪೀರಿಯಡ್ಡಿನ ಬಾಗಿಲು

ನಮ್ಮ ಕಾಲೇಜಿನಲ್ಲಿ ಹುಡುಗಿಯರು ತಾವಾಗಿ ತರಗತಿಯೊಳಗೆ ಹೋಗುವಂತಿರಲಿಲ್ಲ. ಗಂಟೆ ಹೊಡೆದ ಮೇಲೆ ಲೇಡೀಸ್ ರೂಮಿನ ಬಾಗಿಲಲ್ಲಿ ಕಾದು ನಿಂತಿರಬೇಕು. ಮೇಷ್ಟ್ರು ಹಾಜರಿ ಪುಸ್ತಕ ಹಿಡಿದು ವರಾಂಡದಲ್ಲಿ ಬರುತ್ತಾರೆ. ಅವರ ಹಿಂದೆ ತಲೆ ತಗ್ಗಿಸಿಕೊಂಡು ಸಾಲಾಗಿ ನಡೆದು, ಮುಂದುಗಡೆ ಪಕ್ಕಕ್ಕೆ ಹಾಕಿದ್ದ ಬೆಂಚಿನಲ್ಲಿ ಕೂರಬೇಕು. ಪಾಠ ಮುಗಿದ ಮೇಲೆ ಮತ್ತೆ ಅವರ ಬೆನ್ನ ಹಿಂದೆಯೇ ಹೊರಗೆ ಬರಬೇಕು. ಇದನ್ನು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ. ಬರೆದಿದ್ದರೆ ಅದು ತಪ್ಪು ಅಂತ ವಾದ ಮಾಡಬಹುದಿತ್ತು. ಬರೆಯದೇ ಇದ್ದದ್ದಕ್ಕೆ ಏನಂತ ಉತ್ತರ ಕೊಡುವುದು?

ಹುಡುಗರಿಗೆ ಇಂಥ ಕಟ್ಟು ಇರಲಿಲ್ಲ. ತಡವಾದರೆ ಹಿಂದಿನ ಬಾಗಿಲಿಂದ ನುಸುಳಿ ಕೂತುಬಿಡುತ್ತಿದ್ದರು. ಕಡೆಯಲ್ಲಿ ಮೇಷ್ಟ್ರ ಮೇಜಿನ ಹತ್ತಿರ ಹೋಗಿ ಹಲ್ಲು ಕಿರಿದರೆ ಹಾಜರಿ ಸಿಗುತ್ತಿತ್ತು. ಬಾರದೇ ಇದ್ದವನ ಹೆಸರಿಗೆ ಪಕ್ಕದವನು ಗಂಟಲು ಬದಲಿಸಿ ಕೂಗುತ್ತಿದ್ದದ್ದೂ ಉಂಟು. ನಾವು ಇದ್ದದ್ದು ಮೂರೇ ಹುಡುಗಿಯರು, ಅದೂ ಮೇಷ್ಟ್ರ ಮೂಗಿನ ಕೆಳಗೆ. ನಮ್ಮ ಹೆಸರಿಗೆ ಯಾರು ಕೂಗುತ್ತಾರೆ?

ಇಂಟರ್‌ಮೀಡಿಯೆಟ್ಟಿನ ಮೊದಲ ವರ್ಷ ಇದರಿಂದ ನನಗೇನೂ ಕಷ್ಟವಾಗಲಿಲ್ಲ. ಬೆಂಗಳೂರಲ್ಲೇ ಸೋದರತ್ತೆಯ ಮನೆಯಲ್ಲಿದ್ದೆ, ಗಂಟೆಗೆ ಮುಂಚೆಯೇ ನಡೆದು ಹೋಗುತ್ತಿದ್ದೆ. ಅಷ್ಟರಲ್ಲಿ ಜಪಾನಿನವರು ಬಂದು ಬಾಂಬು ಹಾಕುತ್ತಾರೆ ಅನ್ನುವ ಸುದ್ದಿ ಹಬ್ಬಿತು. ಬೀದಿಯಲ್ಲಿ ಅರ್ಧ ಮನೆಗಳಿಗೆ ಬೀಗ ಬಿತ್ತು. ಅತ್ತೆಯೂ ಮಗನನ್ನು ಯಾವುದೋ ಹಾಸ್ಟೆಲಿಗೆ ಸೇರಿಸಿ, ಪಾತ್ರೆ ಪಡಗ ಗಾಡಿಗೆ ಏರಿಸಿಕೊಂಡು ನೆಲಮಂಗಲದ ನಮ್ಮ ಮನೆಗೆ ಬಂದುಬಿಟ್ಟಳು. ಹುಡುಗಿಯರ ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ರೈಲಿನ ವೇಳೆಗೂ ಕಾಲೇಜಿನ ವೇಳೆಗೂ ತಾಳೆ ಇರಲಿಲ್ಲ. ಎರಡನೇ ವರ್ಷ ಪೂರ್ತಿ ನಾನು ಬಸ್ಸಿನಲ್ಲಿ ಓಡಾಡಬೇಕಾಯಿತು.

ಯುದ್ಧದ ಕಾಲದ ಬಸ್ಸನ್ನು ಈಗಿನವರು ನೋಡಿಲ್ಲ. ಪೆಟ್ರೋಲು ಇಲ್ಲ, ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಗ್ಯಾಸಿನಿಂದ. ಹಿಂದುಗಡೆ ಒಂದು ದೊಡ್ಡ ಕಬ್ಬಿಣದ ಒಲೆ. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಗ್ಯಾಸು ಬರುವ ತನಕ ಕೈಯಲ್ಲಿ ಗಾಳಿಯಂತ್ರ ತಿರುಗಿಸುತ್ತಲೇ ಇರಬೇಕು. ಮೊದಲ ಬಸ್ಸು ದಾಬಸ್‌ಪೇಟೆ ಕಡೆಯಿಂದ ತುಂಬಿಕೊಂಡು ಬರುತ್ತಿತ್ತು. ನೆಲಮಂಗಲದಲ್ಲಿ ನಿಂತು ಬೂದಿ ಕೆದಕಿ, ಮತ್ತೆ ಇದ್ದಿಲು ಹಾಕಿ ಹೊರಟರೆ ದಾಸರಹಳ್ಳಿಯ ಏರಿನಲ್ಲಿ ಉಸಿರು ಕಟ್ಟಿ ನಿಲ್ಲುತ್ತಿತ್ತು. ಗಂಡಸರೆಲ್ಲ ಇಳಿದು ತಳ್ಳುವರು. ನಾನು ಕಾಲೇಜು ತಲುಪುವ ಹೊತ್ತಿಗೆ ಮೊದಲನೇ ಪೀರಿಯಡ್ಡು ಕಾಲುಭಾಗವೋ ಅರ್ಧವೋ ಆಗಿರುತ್ತಿತ್ತು. ಅದಕ್ಕಿಂತ ಮುಂಚಿನ ಬಸ್ಸು ಇರಲಿಲ್ಲ.

ಆ ಮೊದಲನೇ ಪೀರಿಯಡ್ಡು ತರ್ಕಶಾಸ್ತ್ರ. ವಾರಕ್ಕೆ ಒಂದು ದಿನ ಮಾತ್ರ ಮಧ್ಯಾಹ್ನ, ಮಿಕ್ಕ ದಿನವೆಲ್ಲ ಬೆಳಗ್ಗೆ. ಮೇಷ್ಟ್ರು ಆಗಲೇ ಒಳಗೆ ಹೋಗಿಬಿಟ್ಟಿರುತ್ತಿದ್ದರು, ನಾನು ಯಾರ ಹಿಂದೆ ಹೋಗಲಿ? ಲೇಡೀಸ್ ರೂಮಿಗೆ ಹೋಗಿ ಕೂರುತ್ತಿದ್ದೆ. ಒಂದು ಬೆಂಚು, ಒಂದು ನೀರಿನ ಹೂಜಿ, ಕಿಟಕಿಗೊಂದು ಹಸುರು ಪರದೆ. ವರಾಂಡದ ಆ ತುದಿಯಿಂದ ಮೇಷ್ಟ್ರ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕಾಲೇಜಿನ ಫೀಜು ಕಟ್ಟಿ, ಬಸ್ಸಿನ ಹೊಗೆ ಕುಡಿದು, ಕಾಲೇಜಿನೊಳಗೇ ಕೂತು, ಪಾಠಕ್ಕೆ ಮಾತ್ರ ಗೈರುಹಾಜರಿ. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಅಳುತ್ತಾ ಕೂರುವುದಕ್ಕಿಂತ ಓದುವುದು ವಾಸಿ ಅಂತ ಓದತೊಡಗಿದೆ. ಪುಸ್ತಕ ಇಂಗ್ಲಿಷಿನದು, ಬಿಗಿಯಾಗಿತ್ತು. ಜೊತೆಯ ಹುಡುಗಿಯೊಬ್ಬಳು ತನ್ನ ನೋಟ್ಸು ಕೊಟ್ಟಳು. ತಾಳೆ ನೋಡಿದರೆ ಮೇಷ್ಟ್ರು ಹೇಳಿ ಬರೆಸಿದ್ದೆಲ್ಲ ಅದೇ ಪುಸ್ತಕದ ವಾಕ್ಯಗಳು. ಹಾಗಾದರೆ ನೋಟ್ಸಿನ ಹಂಗೇಕೆ ಎಂದು ಪುಸ್ತಕವನ್ನೇ ಹಿಡಿದೆ. ಒಂದೊಂದು ಪುಟ ಓದಿ, ಮುಚ್ಚಿಟ್ಟು, ಅದನ್ನು ನಮ್ಮ ಮನೆಯ ಕನ್ನಡದಲ್ಲಿ ಹೇಳಿಕೊಳ್ಳುವುದು. ಹೇಳಲಿಕ್ಕೆ ಬಾರದಿದ್ದರೆ ಅರ್ಥವಾಗಿಲ್ಲ ಎಂದು ಮತ್ತೆ ಓದುವುದು.

ವೃತ್ತ ಬರೆದು ತರ್ಕವನ್ನು ಪರೀಕ್ಷಿಸುವ ವಿಧಾನ ಒಂದಿತ್ತು. ನನ್ನ ಹತ್ತಿರ ಕೈವಾರ ಇರಲಿಲ್ಲ. ಬಳೆ ಇತ್ತು. ಅತ್ತೆಯದು ದಪ್ಪ ಕೈ, ಅವಳ ಬಳೆ ದೊಡ್ಡ ವೃತ್ತ. ನನ್ನದು ಮಧ್ಯದ್ದು. ನಾನು ಮಗುವಾಗಿದ್ದಾಗ ಹಾಕಿದ್ದನ್ನು ಅವ್ವ ಎತ್ತಿಟ್ಟಿದ್ದಳು, ಅದು ಚಿಕ್ಕದು. ಎಲ್ಲ ಹಸುಗಳೂ ಪ್ರಾಣಿಗಳು ಅಂದರೆ ದೊಡ್ಡ ಬಳೆಯೊಳಗೆ ನಡುವಿನ ಬಳೆ. ಎಮ್ಮೆ ಹಸುವಲ್ಲ ಅಂದರೆ ಚಿಕ್ಕ ಬಳೆ ನಡುವಿನದರ ಹೊರಗೆ. ಆದ್ದರಿಂದ ಎಮ್ಮೆ ಪ್ರಾಣಿಯಲ್ಲ ಅನ್ನಬಹುದೋ? ಅನ್ನಬಾರದು. ಹಸುವಿನ ಬಳೆಯಿಂದ ಹೊರಗಿದ್ದರೂ ದೊಡ್ಡ ಬಳೆಯೊಳಗೆ ಎಮ್ಮೆಗೆ ಬೇಕಾದಷ್ಟು ಜಾಗವಿದೆ. ಮನೆಯಲ್ಲಿ ಜಗಲಿಯ ಮೇಲೆ ಬಳೆ ಹರಡಿಕೊಂಡು ಇದನ್ನು ಮಾಡುವಾಗ ಅತ್ತೆ ಬಂದು ನಿಂತು, ಎಮ್ಮೆ ಪ್ರಾಣಿ ಅಂತ ತಿಳಿಯೋಕೆ ಕಾಲೇಜಿಗೆ ಹೋಗಬೇಕೇನೇ ಎಂದು ಗೇಲಿ ಮಾಡಿದಳು. ಹಾಗಂತ ಗೇಲಿ ಮಾಡಿದವಳೇ ದಿನಾ ಬೆಳಗ್ಗೆ ಒಂದು ಬಳೆ ಬಿಚ್ಚಿ ಕೊಡುತ್ತಿದ್ದಳು.

ಒಬ್ಬಳೇ ಓದುವುದರಲ್ಲಿ ಒಂದು ಅಪಾಯವಿದೆ. ತಪ್ಪನ್ನು ತಪ್ಪು ಅಂತ ಹೇಳುವವರಿಲ್ಲ. ಕೆಲವು ಹುಡುಗರು ಜಾಣರು ಅಂದರೆ ಮಿಕ್ಕವರು ಜಾಣರಲ್ಲ ಅಂತಲೇ ನಾನು ತಿಳಿದೆ, ನಾವು ಮಾತಾಡುವುದೇ ಹಾಗಲ್ಲವೆ? ತರ್ಕಶಾಸ್ತ್ರದಲ್ಲಿ ಹಾಗಲ್ಲ. ಕೆಲವು ಅಂದರೆ ಕನಿಷ್ಠ ಒಂದಾದರೂ ಅಂತ ಮಾತ್ರ, ಮಿಕ್ಕವರ ಸುದ್ದಿಯನ್ನೇ ಅದು ಎತ್ತುವುದಿಲ್ಲ. ಇದು ಗೊತ್ತಿಲ್ಲದೆ ವಾರಗಟ್ಟಲೆ ಅಭ್ಯಾಸದ ಲೆಕ್ಕ ಮಾಡಿದೆ, ಪುಸ್ತಕದ ಹಿಂದಿನ ಉತ್ತರಕ್ಕೆ ಒಂದೂ ಹೊಂದಲಿಲ್ಲ. ನನಗೆ ಬುದ್ಧಿಯೇ ಇಲ್ಲವೇನೋ ಅನ್ನಿಸಿಬಿಟ್ಟಿತು. ಮಧ್ಯಾಹ್ನದ ಪಾಠದಲ್ಲಿ ನಾನೇ ಎದ್ದು ಕೇಳುವ ಧೈರ್ಯವಿರಲಿಲ್ಲ, ಕಡೆಗೆ ಜೊತೆಯ ಹುಡುಗಿಗೆ ಮೇಷ್ಟ್ರನ್ನು ಕೇಳು ಅಂದೆ. ಅವಳು ಕೇಳಿದಳು. ಪ್ರಶ್ನೆ ಯಾರದು ಎಂದು ವಿಚಾರಿಸಿ, ತರಗತಿಗೆ ಬಂದರೆ ಗೊತ್ತಾಗುತ್ತೆ ಅಂತ ಹೇಳು ಅಂದರಂತೆ. ವರಾಂಡದ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು. ಆ ಸಿಟ್ಟಿನಲ್ಲೇ ಮೊದಲ ಪುಟದಿಂದ ಮತ್ತೆ ಓದಿದೆ, ತಪ್ಪು ಸಿಕ್ಕಿತು.

ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ತರ್ಕಶಾಸ್ತ್ರಕ್ಕೆ ನನಗೇ ಎಲ್ಲರಿಗಿಂತ ಹೆಚ್ಚು ನಂಬರು ಬಂತು. ಮಧ್ಯಾಹ್ನದ ಪಾಠದಲ್ಲಿ ಮೇಷ್ಟ್ರು ಉತ್ತರಪತ್ರಿಕೆ ಹಂಚುತ್ತಾ ನನ್ನದನ್ನು ಎತ್ತಿ ಹಿಡಿದು, ಮನೆಯಲ್ಲಿ ಯಾರು ಪಾಠ ಹೇಳುತ್ತಾರೆ ಎಂದರು. ಯಾರೂ ಇಲ್ಲ ಸಾರ್ ಅಂದೆ. ಯಾರೋ ಒಬ್ಬರಿರಲೇಬೇಕು ಎಂದು ನಕ್ಕರು. ಹುಡುಗರೂ ನಕ್ಕರು. ಯಾರೋ ಒಬ್ಬರಿದ್ದರು, ಅದು ನಾನೇ ಅನ್ನಬೇಕಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ಹಾಜರಿ ಸಾಲದವರ ಹೆಸರನ್ನು ಬೋರ್ಡಿಗೆ ಹಾಕಿದರು. ನನ್ನ ಹೆಸರಿತ್ತು, ತರ್ಕಶಾಸ್ತ್ರದ ಎದುರು. ಹೀಗೇ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆಗೆ ಕೂರಿಸದಿದ್ದರೆ ನನ್ನ ಓದು ಅಲ್ಲಿಗೆ ಮುಗಿಯಿತು. ಅಪ್ಪ ನನ್ನನ್ನು ಕಾಲೇಜಿಗೆ ಕಳಿಸುವಾಗಲೇ ನೆಂಟರ ಮುಂದೆ ಎರಡು ವರ್ಷ ಅಂತ ಮಾತು ಕೊಟ್ಟಿದ್ದ. ಆಮೇಲೆ ಅತ್ತೆಯ ಮಗನ ಜೊತೆ ಮದುವೆ. ಇಂಟರ್‌ಮೀಡಿಯೆಟ್ ಪಾಸಾದರೆ ಇನ್ನಷ್ಟು ಓದುತ್ತೀನಿ ಅಂತ ಗೋಗರೆಯುವ ದಾರಿಯಾದರೂ ಇತ್ತು. ಪರೀಕ್ಷೆಯನ್ನೇ ಬರೆಯದವಳು ಏನಂತ ಬಾಯಿ ತೆಗೆಯುವುದು?

ಪ್ರಿನ್ಸಿಪಾಲರ ಹತ್ತಿರ ಹೋದೆ. ಅವರು ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬಹಳ ಮೃದುವಾಗಿ ಮಾತಾಡಿದರು. ಬಸ್ಸಿನ ಕಥೆ ಹೇಳಿದೆ, ತಡವಾದರೂ ತರಗತಿಯೊಳಗೆ ಹೋಗಲು ಒಪ್ಪಿಗೆ ಕೊಡಿ ಅಂತ ಕೇಳಿಕೊಂಡೆ. ಹುಡುಗಿಯೊಬ್ಬಳೇ ನಡುವೆ ಒಳಗೆ ಹೋದರೆ ಹುಡುಗರು ಗಲಾಟೆ ಮಾಡುತ್ತಾರೆ, ಅದು ನಿನಗೇ ಒಳ್ಳೆಯದಲ್ಲ ಅಂದರು. ಗಲಾಟೆ ಮಾಡುವವರು ಅವರು, ಹೊರಗೆ ಕೂರಬೇಕಾದವಳು ನಾನು! ಪಾಠ ಎಲ್ಲ ಕಲಿತಿದ್ದೀನಿ ಸಾರ್ ಅಂದೆ. ಅದಕ್ಕೆ ಅವರು ಹೇಳಿದ್ದು ನನಗೆ ಅಕ್ಷರಕ್ಷರವೂ ನೆನಪಿದೆ:

“ನೋಡಮ್ಮ, ತರಗತಿಗೆ ಬಂದವರು ಕಲಿಯುತ್ತಾರೆ. ನೀನು ಬಂದಿಲ್ಲ. ಬಾರದವಳು ಕಲಿತಿದ್ದೀನಿ ಅಂದರೆ ನಾನು ಹೇಗೆ ನಂಬಲಿ?”

ಎಮ್ಮೆ ಪ್ರಾಣಿಯಲ್ಲ! ಅದೇ ತಪ್ಪು, ಬಳೆ ಇಟ್ಟು ತೋರಿಸಬಹುದಾದ ತಪ್ಪು. ಹೇಳಿಯೂಬಿಟ್ಟೆ, ಸಾರ್ ಈ ತರ್ಕ ಸರಿಯಿಲ್ಲ ಅಂತ. ಅವರ ಮುಖ ಬಿಗಿಯಿತು. ಮೇಜಿನ ಮೇಲಿನ ಕಾಗದ ಜೋಡಿಸಿಟ್ಟು, ಮತ್ತೆ ಮೃದುವಾಗಿ ಒಂದು ದಾರಿ ತೋರಿಸಿದರು. ಡಾಕ್ಟರಿಂದ ಒಂದು ಸರ್ಟಿಫಿಕೇಟು ತಂದುಬಿಡು, ಮೈಗೆ ಸ್ವಸ್ಥವಿರಲಿಲ್ಲ ಅಂತ. ಹೆಣ್ಣುಮಕ್ಕಳಿಗೆ ಕೊಡದೆ ಇರುವುದಿಲ್ಲ. ಇಲ್ಲಿಯ ತನಕದ್ದನ್ನು ಮನ್ನಾ ಮಾಡಿಸುತ್ತೇನೆ. ಇನ್ನು ಮುಂದೆ ಮಾತ್ರ ಒಂದು ಪೀರಿಯಡ್ಡೂ ತಪ್ಪಬಾರದು.

ಮನೆಗೆ ಬಂದು ಹೇಳಿದೆ. ಅಪ್ಪನಿಗೆ ನಿರಾಳವಾಯಿತು. ಊರಿನ ಡಾಕ್ಟರು ಅವನಿಗೆ ಬೇಕಾದವರು, ಈಗಲೇ ಬರೆಸಿಕೊಂಡು ಬರುತ್ತೀನಿ ಎಂದು ಎದ್ದೇಬಿಟ್ಟ.

“ಬ್ಯಾಡ ಕಣಪ್ಪ,” ಅಂದೆ. “ನಂಗೇನಾಗಿತ್ತು ಕಾಯಿಲೆ? ದಿನಾ ಬಸ್ನಲ್ಲಿ ಹೋಗ್ಬಂದಿಲ್ವ?”

“ಒಂದು ಚೀಟಿ ತಾನೇ ಮಗ. ಎಲ್ಲಾರೂ ಕೊಡ್ತಾರಂತಲ್ಲ.”

“ಓದೋ ಹೆಣ್ಣಿಗೆ ಮೈ ಕೆಡ್ತದೆ ಅಂತ ಊರೆಲ್ಲ ಅಂತದೆ. ಅದುನ್ನೇ ಡಾಕ್ಟರ ಕೈಲಿ ಬರೆಸ್ಕಂಡು ಹೋಗಿ ನಾನೇ ಕೊಡ್ಲಾ?”

ನನ್ನದು ಹಟ ಅಂತ ಅಪ್ಪನ ಮುಖದಲ್ಲೇ ಇತ್ತು. ಹಟವೇ ಅನ್ನಿ. ಚೀಟಿ ಕೊಟ್ಟಿದ್ದರೂ ಮುಂದಿನ ಪೀರಿಯಡ್ಡುಗಳಿಗೆ ಅದೇ ಇದ್ದಿಲ ಬಸ್ಸು, ಅದೇ ಲೇಡೀಸ್ ರೂಮು. ಇದ್ದದ್ದನ್ನು ಇದ್ದ ಹಾಗೆ ಬರೆದು ಒಂದು ಅರ್ಜಿ ಕೊಟ್ಟೆ: ಬಸ್ಸು ತಡ, ಬಂದ ಮೇಲೆ ಕಾಲೇಜಿನವರು ತರಗತಿಯೊಳಗೆ ಬಿಡುತ್ತಿಲ್ಲ. ಗುಮಾಸ್ತರು ಓದಿ, ಇಂಥ ಕಾರಣಕ್ಕೆ ಮನ್ನಾ ಇಲ್ಲ, ಕಾಯಿಲೆಗೆ ಮಾತ್ರ ಎಂದು ವಾಪಸು ಕೊಟ್ಟರು. ಸುಳ್ಳಿಗೆ ನಿಯಮದಲ್ಲಿ ಜಾಗವಿತ್ತು, ನಿಜಕ್ಕೆ ಇರಲಿಲ್ಲ.

ಮಾರನೇ ದಿನ ಬಸ್ಸು ದಾಸರಹಳ್ಳಿ ಏರಿನಲ್ಲಿ ಎಂದಿನಂತೆ ನಿಂತಿತು. ಕೂತಿರಲು ಆಗಲಿಲ್ಲ. ಇಳಿದು ಗಂಡಸರ ಜೊತೆ ನಾನೂ ತಳ್ಳಿದೆ. ಕಂಡಕ್ಟರು ಕೈಯೆಲ್ಲ ಮಸಿಯಾಗುತ್ತೆ ಬಿಡಿ ಅವ್ವ ಅಂತ ಕೂಗುತ್ತಲೇ ಇದ್ದ. ಎಲ್ಲೋ ಆ ಏರಿನಲ್ಲೇ ನಾನು ನಿರ್ಧಾರ ಮಾಡಿರಬೇಕು. ಕಾಲೇಜು ತಲುಪಿದವಳು ಲೇಡೀಸ್ ರೂಮಿನ ಕಡೆ ತಿರುಗಲಿಲ್ಲ. ವರಾಂಡದುದ್ದಕ್ಕೂ ನಡೆದು ತರಗತಿಯ ಮುಂಬಾಗಿಲಲ್ಲಿ ನಿಂತೆ.

ಒಳಗೆ ಬರಬಹುದೇ ಸಾರ್ ಎಂದೆ. ಮೇಷ್ಟ್ರು ಬೋರ್ಡಿನಿಂದ ತಿರುಗಿ ನೋಡಿದರು. ಲೇಡೀಸ್ ರೂಮಿನ ಕಡೆ ಬೆರಳು ತೋರಿಸಿದರು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬೂಟುಕಾಲು ಕುಟ್ಟುವ ಸದ್ದು ಎದ್ದಿತು. ಮೊದಲು ಒಬ್ಬ, ಆಮೇಲೆ ಇಡೀ ತರಗತಿ. ಮಸಿ ಹಿಡಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ. ಆ ಸದ್ದಿನ ನಡುವೆಯೇ ಹೋಗಿ ನಮ್ಮ ಬೆಂಚಿನ ತುದಿಯಲ್ಲಿ ಕೂತುಬಿಟ್ಟೆ.

ಮೇಷ್ಟ್ರು ಸೀಮೆಸುಣ್ಣ ಇಟ್ಟರು. ಹಾಜರಿ ಪುಸ್ತಕ ಮಡಚಿ ಕಂಕುಳಿಗೆ ಸೇರಿಸಿ ಹೊರಗೆ ನಡೆದರು. ಮೇಷ್ಟ್ರು ಹೊರಟರೆ ಹುಡುಗಿಯರು ಹಿಂದೆ ಹೋಗಬೇಕಲ್ಲ, ಜೊತೆಯವರಿಬ್ಬರೂ ಎದ್ದರು. ನೋಟ್ಸು ಕೊಟ್ಟವಳು ನನ್ನ ತೋಳು ಹಿಡಿದು ಎಳೆದಳು, ಕಣ್ಣಲ್ಲಿ ನೀರಿತ್ತು. ನಾನು ಏಳಲಿಲ್ಲ. ಅವರೂ ಹೋದ ಮೇಲೆ ಆ ದೊಡ್ಡ ಕೋಣೆಯಲ್ಲಿ ಅಷ್ಟೂ ಜನ ಹುಡುಗರು ಮತ್ತು ನಾನೊಬ್ಬಳು. ಪುಸ್ತಕ ತೆಗೆದು ಬೆಂಚಿನ ಮೇಲಿಟ್ಟು ಓದುವವಳಂತೆ ಕೂತೆ. ಒಂದಕ್ಷರ ಕಾಣಲಿಲ್ಲ. ಕಾಲು ಕುಟ್ಟುವ ಸದ್ದು ಇನ್ನೂ ಸ್ವಲ್ಪ ಹೊತ್ತು ನಡೆದು, ಯಾರಿಗೋಸ್ಕರ ಕುಟ್ಟಬೇಕು ಅಂತ ತಿಳಿಯದೆ ನಿಂತುಹೋಯಿತು. ಗಂಟೆ ಹೊಡೆಯುವ ತನಕ ಕೂತಿದ್ದೆ.

ಮರುದಿನವೂ ಹೋದೆ. ಮೇಷ್ಟ್ರು ಆಗಲೂ ಎದ್ದು ಹೋದರು. ಅದರ ಮರುದಿನವೂ ಹಾಗೇ ಆಯಿತು. ಪಾಠ ನಡೆಯದಿದ್ದರೆ ಯಾರಿಗೂ ಹಾಜರಿ ಇಲ್ಲ. ಆ ವರ್ಷ ಸ್ವಾತಂತ್ರ್ಯದ ಚಳವಳಿ ಅಂತ ಹುಡುಗರೂ ವಾರಗಟ್ಟಲೆ ಹೊರಗಿದ್ದವರು, ಅರ್ಧ ಜನರ ಹಾಜರಿ ಅಂಚಿನಲ್ಲಿತ್ತು. ಕಾಲು ಕುಟ್ಟಿದವರೇ ಹತ್ತು ಜನ ಸೇರಿ ಪ್ರಿನ್ಸಿಪಾಲರ ಹತ್ತಿರ ಹೋದರು, ಹೀಗಾದರೆ ನಮ್ಮ ಗತಿಯೇನು ಅಂತ. ಅವತ್ತು ಸಾಯಂಕಾಲವೇ ಬಾಯಿಮಾತಿನ ಅಪ್ಪಣೆ ಬಂತು: ದೂರದಿಂದ ಬರುವ ವಿದ್ಯಾರ್ಥಿನಿಯರು ತಡವಾದರೂ ಒಳಗೆ ಬರಬಹುದು. ನಾನು ಕೈಮುಗಿದು ಕೇಳಿದಾಗ ಅಸಾಧ್ಯವಾಗಿದ್ದದ್ದು ಹುಡುಗರ ಹಾಜರಿಗೆ ಕುತ್ತು ಬಂದ ಕೂಡಲೇ ಸಾಧ್ಯವಾಯಿತು. ಗೆದ್ದೆ ಅಂತ ಜೊತೆಯವರು ಸಂತೋಷಪಟ್ಟರು. ನನಗೆ ಸಂತೋಷವಾಗಲಿಲ್ಲ, ಅವಮಾನವಾಯಿತು.

ಅಲ್ಲಿಂದ ಮುಂದೆ ಒಂದು ದಿನವೂ ತಪ್ಪಿಸಲಿಲ್ಲ. ಆದರೂ ಹಳೆಯ ಕೊರತೆ ತುಂಬಲಿಲ್ಲ. ಡಾಕ್ಟರ ಚೀಟಿ ಕೊಟ್ಟ ಹುಡುಗರೆಲ್ಲ ಹಾಲ್ ಟಿಕೆಟ್ಟು ತೆಗೆದುಕೊಂಡರು. ಅವರಲ್ಲಿ ಕಾಯಿಲೆ ಬಿದ್ದವನು ಒಬ್ಬನೂ ಇರಲಿಲ್ಲ. ನನಗೆ ಇಲ್ಲ ಎಂದರು. ಅವತ್ತು ಆಫೀಸಿನ ಗುಮಾಸ್ತರು, ಪಾಪ ಒಳ್ಳೆಯ ಮಾತೆಂದೇ ಹೇಳಿದರು: ಹೆಣ್ಣುಮಕ್ಕಳು ಕಾಲೇಜಿಗೆ ಸೇರದೆ ಮನೆಯಲ್ಲೇ ಓದಿ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬಹುದು, ಅವರಿಗೆ ಹಾಜರಿ ಕೇಳುವುದಿಲ್ಲ. ಮುಂದಿನ ವರ್ಷಕ್ಕೆ ಹಾಗೆ ಮಾಡಿ. ಕಾಲೇಜಿನ ಹೊಸ್ತಿಲು ತುಳಿಯದವಳು ಪರೀಕ್ಷೆಗೆ ಕೂರಬಹುದು. ದಿನಾ ಬಂದು ಬಾಗಿಲಲ್ಲಿ ನಿಂತವಳು ಕೂರಬಾರದು. ಇದನ್ನು ಯಾವ ಬಳೆಯಲ್ಲಿ ಇಟ್ಟು ನೋಡಲಿ?

ಅಪ್ಪನ ಎರಡು ವರ್ಷ ಮುಗಿದಿತ್ತು. ಮನೆಯಲ್ಲಿ ಹೇಳಿದಾಗ ಅತ್ತೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದಳು. ಅಪ್ಪ ಅವಳ ಮುಖ ನೋಡಿ, ಕೊಟ್ಟ ಮಾತು ಕೊಟ್ಟದ್ದೇ, ವೈಶಾಖದಲ್ಲಿ ಮುಗಿಸಿಬಿಡೋಣ ಅಂದ. ನಾನು ಗೋಡೆಗೆ ಒರಗಿಕೊಂಡು ನಿಂತಿದ್ದೆ, ಅಳು ಬಂದುಬಿಟ್ಟಿತು. ಅತ್ತೆ ಕೈಯನ್ನು ಮೊರದ ಅಂಚಿಗೆ ಒರೆಸಿಕೊಂಡಳು.

“ಅಣ್ಣಯ್ಯ, ಬಾಂಬಿಗೆ ಹೆದ್ರಿ ಮನೆಗೆ ಬೀಗ ಹಾಕ್ಕಂಡು ಬಂದೋಳು ನಾನು,” ಅಂದಳು. “ಆ ಬಾಂಬು ಬೆಂಗ್ಳೂರ್ ಮ್ಯಾಲೆ ಬೀಳ್ಲಿಲ್ಲ, ಈ ಮಗೀನ ಓದಿನ್ ಮ್ಯಾಲೆ ಬಿತ್ತು. ಇನ್ನೊಂದು ವರ್ಸ ಬಿಡು. ನನ್ ಮಗ ಎಲ್ಲೂ ಓಡೋಗಲ್ಲ.”

ಓಡಿಹೋಗಲಿಲ್ಲ, ಆದರೆ ಕಾಯಲೂ ಇಲ್ಲ. ಆ ವರ್ಷ ಕಳೆಯುವುದರೊಳಗೆ ಅವನು ಬೇರೆ ಕಡೆ ಹೆಣ್ಣು ಒಪ್ಪಿಕೊಂಡ. ಅತ್ತೆ ನನ್ನ ಮೇಲೆ ಸಿಟ್ಟಾಗಲಿಲ್ಲ. ನನಗೂ ಬೇಜಾರಾಗಲಿಲ್ಲ ಅಂತ ಇಲ್ಲಿ ಹೇಳಿದರೆ ತಪ್ಪಿಲ್ಲ.

ಆ ವರ್ಷ ನಾನು ಪೂರ್ತಿ ನನ್ನ ಪಾಡಿಗೆ ನಾನೇ ಓದಿದೆ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಹಾಗಾಗಿ ಬೆಳಕಿದ್ದಾಗಲೇ ಓದು. ಬೆಳಗ್ಗೆ ಬಸ್ಸು ಹೊರಡುವ ಹೊತ್ತಿಗೆ ಜಗಲಿಯ ಮೇಲೆ ತರ್ಕಶಾಸ್ತ್ರ, ಕಾಲೇಜಿನಂತೆಯೇ ಮೊದಲನೇ ಪೀರಿಯಡ್ಡು. ಆಮೇಲೆ ಚರಿತ್ರೆ, ಊಟವಾದ ಮೇಲೆ ಅರ್ಥಶಾಸ್ತ್ರ. ಓದಿದ್ದನ್ನು ಅತ್ತೆಗೆ ಹೇಳಿ ಒಪ್ಪಿಸಬೇಕು. ಅವಳು ಹ್ಞೂಂ ಅನ್ನುವ ತನಕ ಮುಂದಿನ ಪಾಠಕ್ಕೆ ಹೋಗುವಂತಿಲ್ಲ. ಸುಲಭಕ್ಕೆ ಹ್ಞೂಂ ಅನ್ನುವವಳಲ್ಲ ಅವಳು. ಪರೀಕ್ಷೆಯ ಹೊತ್ತಿಗೆ ಬಾಂಬಿನ ಹೆದರಿಕೆ ಕಳೆದಿತ್ತು. ಅತ್ತೆ ಬೆಂಗಳೂರಿನ ಮನೆಯ ಬೀಗ ತೆಗೆಸಿ, ಧೂಳು ಹೊಡೆದು, ನನ್ನನ್ನು ಅಲ್ಲಿಟ್ಟುಕೊಂಡಳು.

ಪರೀಕ್ಷೆಯ ಕೇಂದ್ರ ಅದೇ ಕಾಲೇಜು. ತರ್ಕಶಾಸ್ತ್ರಕ್ಕೆ ನನ್ನ ನಂಬರು ಬಿದ್ದದ್ದು ಅದೇ ಕೋಣೆಯಲ್ಲಿ. ಪರೀಕ್ಷೆಯಲ್ಲಿ ಯಾರೂ ಯಾರ ಹಿಂದೆಯೂ ಹೋಗಬೇಕಿಲ್ಲ. ಟಿಕೆಟ್ಟು ತೋರಿಸಿ ಒಬ್ಬೊಬ್ಬರೇ ಒಳಗೆ ಹೋದೆವು. ಅಷ್ಟು ಹುಡುಗರ ನಡುವೆ ಕೂತೆ, ಒಬ್ಬನ ಬೂಟೂ ಸದ್ದು ಮಾಡಲಿಲ್ಲ. ಹಾಗಾದರೆ ಎರಡು ವರ್ಷ ಕಾಲೇಜಿನವರು ಕಾಪಾಡಿದ್ದು ಯಾವ ಶಿಸ್ತನ್ನು ಎಂದು ಪ್ರಶ್ನೆಪತ್ರಿಕೆ ಬರುವ ತನಕ ಯೋಚಿಸುತ್ತಿದ್ದೆ. ಪತ್ರಿಕೆ ಹಂಚಿದವರು ಅದೇ ಮೇಷ್ಟ್ರು. ನನ್ನ ಗುರುತು ಹಿಡಿದರು, ಪತ್ರಿಕೆ ಇಟ್ಟು ಮುಂದೆ ಹೋದರು. ನಾನೂ ತಲೆ ತಗ್ಗಿಸಿ ಬರೆಯತೊಡಗಿದೆ.

ಫಲಿತಾಂಶ ಬಂದಾಗ ತರ್ಕಶಾಸ್ತ್ರದಲ್ಲಿ ನನ್ನ ನಂಬರು ಆ ಕಾಲೇಜಿನ ಎಲ್ಲರಿಗಿಂತ ಮೇಲಿತ್ತು. ನೋಟ್ಸು ಕೊಟ್ಟ ಗೆಳತಿ ಬಂದು, ಮೇಷ್ಟ್ರು ತರಗತಿಯಲ್ಲಿ ನಿನ್ನ ಹೆಸರು ಹೇಳಿ ‘ನಮ್ಮ ವಿದ್ಯಾರ್ಥಿನಿ’ ಅಂದರಂತೆ ಎಂದಳು. ಒಳಗಿದ್ದಾಗ ಹೊರಗಿನವಳು, ಹೊರಗೆ ಹೋಗಿ ಗೆದ್ದರೆ ಅವರ ವಿದ್ಯಾರ್ಥಿನಿ!

ಬಿ.ಎ.ಗೆ ಸೇರಲು ಬೇಕಾದ ಕಾಗದಪತ್ರ ತರಲು ಕೊನೆಯ ಸಲ ಆ ಕಾಲೇಜಿಗೆ ಹೋದೆ. ಆಫೀಸಿನ ಮುಂದೆ ಹುಡುಗರ ಸಾಲು ಇತ್ತು, ಕಡೆಯಲ್ಲಿ ಹೋಗಿ ನಿಂತೆ. ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, ವಿಶ್ವಾಸದಿಂದಲೇ ಅಂದರು:

“ಇಲ್ಲಿ ಯಾಕಮ್ಮ ನಿಂತ್ಕೊಂಡ್ರಿ? ಲೇಡೀಸ್ ರೂಮಲ್ಲಿ ಕೂತಿರಿ, ಕಳಿಸ್ಕೊಡ್ತೀನಿ.”

ನಾನು ಸಾಲಿನಲ್ಲೇ ನಿಂತಿದ್ದೆ. ನನ್ನ ಸರದಿ ಬಂದಾಗ ಕೈ ಚಾಚಿ ಕಾಗದ ತೆಗೆದುಕೊಂಡೆ.